ಮರಳಿನ ಮೇಲೆ ನಾಲ್ಕು ಬೆರಳು

ಅನಂತ ವಿಹಾರ, ಡೊಂಬಿವಲಿ (ಪೂರ್ವ)
೨೦-೨-೧೯೮೩

ಕಿಟ್ಟು,

ಆಶೀರ್ವಾದ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಠಾಣೆಯ ನಿನ್ನ ಅಂಗಡಿಯವರೆಗೆ ಬಂದು ಹೇಳಲು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ನಿನ್ನನ್ನು ಇಲ್ಲಿಗೆ ಕರೆಸುವ ಮನಸ್ಸು ನನಗಿಲ್ಲ. ನಿನ್ನ ಅಣ್ಣನ ಹದಿಮೂರನೆಯ ದಿನದ ಊಟದಲ್ಲಿ, ಎಲೆ ಎತ್ತುವ ಮೊದಲೇ, "ಇನ್ನು ಹೋಟೆಲಿನ ಗಲ್ಲಾದಲ್ಲಿ ಕೂರುವುದು ಯಾರು?" ಎಂದು ಕೇಳಿದ ಮೈದುನ ನೀನು. ಅದು ಕಳೆದು ಮೂರು ತಿಂಗಳಾದರೂ ಆ ತುತ್ತು ನನಗೆ ಇಳಿದಿಲ್ಲ.

ವಿಷಯ ಇದು. ಹೋಟೆಲಿನಲ್ಲಿರುವ ನಿನ್ನ ಅಣ್ಣನ ನಾಲ್ಕಡಿ ಮೀನಿನ ಟ್ಯಾಂಕಿಗೆ ಕಳೆದ ತಿಂಗಳು ನೀನು ಬಂದು, ನಾನು ಒಳಗೆ ಇಡ್ಲಿ ಹಿಟ್ಟು ನೋಡುತ್ತಿದ್ದ ಹೊತ್ತಿನಲ್ಲಿ, ಹಳೆಯ ಫಿಲ್ಟರನ್ನು ಕಿತ್ತೆಸೆದು ಒಂದು ತೂತುತೂತಿನ ಪ್ಲಾಸ್ಟಿಕ್ ತಟ್ಟೆಯನ್ನು ಮರಳಿನಡಿ ಹಾಸಿ ಹೋದೆ. ತಟ್ಟೆಯಿಂದ ಎರಡು ನಳಿಗೆ ಮೇಲಕ್ಕೆ ಬರುತ್ತವೆ, ಗಾಳಿ ಪಂಪಿನ ಗುಳ್ಳೆಯ ಜೊತೆ ನೀರು ಏಳುತ್ತದೆ, ಮೇಲಿನ ಕೊಳೆ ಕೆಳಗಿಳಿದು ಸೋಸಿಹೋಗುತ್ತದೆ ಎಂದು ವೇಟರ್ ಚೆನ್ನಯನಿಗೆ ದೊಡ್ಡ ಭಾಷಣ ಕೊಟ್ಟೆಯಂತೆ.

ಈಗ ಆ ನಳಿಗೆಯಲ್ಲಿ ಬಿಕ್ಕಳಿಕೆಯ ಹಾಗೆ ಆಗೊಂದು ಈಗೊಂದು ಗುಳ್ಳೆ ಬರುತ್ತದೆ. ಮರಳೆಲ್ಲ ತಟ್ಟೆಯ ತೂತಿಗೆ ಇಳಿದು ಸಿಮೆಂಟು ಹಾಕಿದಂತೆ ಬಿಗಿದಿದೆ. ಗಾಜಿನ ಅಂಚಿನಲ್ಲಿ ಕಪ್ಪು ಕಲೆ ಎದ್ದಿದೆ. ನಿನ್ನೆ ಚೆನ್ನಯ ಒಂದು ಕಡ್ಡಿ ಹಾಕಿ ಕೆದಕಿದ್ದಕ್ಕೆ ಕೊಳೆತ ಮೊಟ್ಟೆಯ ವಾಸನೆ ಹಾಲ್ ತುಂಬ ಹರಡಿತು. ದಿನವೂ ಬರುವ ಪೋಸ್ಟ್ ಆಫೀಸಿನ ಗಿರಾಕಿ ಮೂಗು ಹಿಡಿದುಕೊಂಡು, "ವಹಿನಿ, ಅಂಡೀ ಸುರೂ ಕೇಲೀ ಕಾ?" ಎಂದು ಕೇಳಿದರು. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನಲ್ಲಿ ಮೊಟ್ಟೆ ಶುರುಮಾಡಿದಿರಾ ಎಂದು ನನಗೆ ಪ್ರಶ್ನೆ!

ಹತ್ತು ಗೋಲ್ಡ್ ಫಿಶ್‌ಗಳಲ್ಲಿ ಎರಡು ಸತ್ತವು. ಉಳಿದ ಎಂಟು ಮೇಲೆ ಬಂದು ಬಾಯಿ ಬಿಡುತ್ತಿವೆ. ನಿನ್ನ ತಟ್ಟೆಯನ್ನು ತೆಗೆಸಿ, ಮರಳು ಇರುವ ಟ್ಯಾಂಕಿಗೆ ಆಗುವ ಫಿಲ್ಟರ್ ಯಾವುದು ಎಂದು ತಿಳಿಸು. ಏಳು ವರ್ಷದಿಂದ ಮೀನಿನ ಅಂಗಡಿ ಇಟ್ಟವನಿಗೆ ಇಷ್ಟೂ ಗೊತ್ತಿಲ್ಲವಾದರೆ ಅಲ್ಲಿ ಕೂತು ಮಾಡುವುದೇನು, ನೊಣ ಹೊಡೆಯುವುದಾ?

ಶ್ರೀಮತಿ


ಜಲಕಮಲ ಅಕ್ವೇರಿಯಂ, ನೌಪಾಡಾ, ಠಾಣೆ
೨೬-೨-೧೯೮೩

ಪೂಜ್ಯ ಅತ್ತಿಗೆಗೆ ಕಿಟ್ಟುವಿನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ವಿಷಯ ತಿಳಿಯಲು, ಎರಡನೆಯ ಸಲ ಬೈಗಳಿನ ನಡುವೆ ವಿಷಯ ಎಲ್ಲಿದೆಯೆಂದು ಹುಡುಕಲು.

ತಳದ ತಟ್ಟೆಯ ಫಿಲ್ಟರ್ ಇವತ್ತು ಮುಂಬಯಿಯ ದೊಡ್ಡ ದೊಡ್ಡ ಮನೆಗಳಲ್ಲಿದೆ. ಅಲ್ಲೆಲ್ಲ ಅದು ಸೊಗಸಾಗಿ ನಡೆಯುತ್ತದೆ. ದೋಷ ತಟ್ಟೆಯದಲ್ಲ, ಮರಳಿನದು. ಅಣ್ಣ ಊರ ಹೊಳೆಯಿಂದ ಎರಡು ಗೋಣಿ ಮರಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದ ದಿನವೇ ನಾನು ನಕ್ಕಿದ್ದೆ. ಮುಂಬಯಿಯಲ್ಲಿ ಯಾರೂ ಟ್ಯಾಂಕಿಗೆ ಮರಳು ಹಾಕುವುದಿಲ್ಲ. ಅದನ್ನು ಎಸೆದು ಬಟಾಣಿ ಗಾತ್ರದ ಕಲ್ಲು ಹಾಕಿಸಿ. ಕಲ್ಲಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಮರಳಿನಲ್ಲಿ ಇಳಿಯುವುದಿಲ್ಲ. ಇದು ಎಂಟನೇ ಕ್ಲಾಸಿನ ವಿಜ್ಞಾನ.

ಇನ್ನೊಂದು ಮಾತು. ಟ್ಯಾಂಕು ಎಂದರೆ ಸಾಂಬಾರಿನ ಕೊಪ್ಪರಿಗೆಯಲ್ಲ, ಸೌಟು ಹಾಕಿ ತಿರುಗಿಸಿದರೆ ಸರಿಹೋಗುವುದಕ್ಕೆ. ಎಂಟು ಮೀನನ್ನು ನೋಡಿಕೊಳ್ಳುವುದು ನಿಮಗೆ ಇಷ್ಟು ಕಷ್ಟವಾದರೆ, ಹನ್ನೆರಡು ಜನ ಕೆಲಸದವರನ್ನೂ ಬೆಳಗಿನಿಂದ ಸಂಜೆಯವರೆಗೆ ಬರುವ ಗಿರಾಕಿಗಳನ್ನೂ ಎಷ್ಟು ದಿನ ನೋಡಿಕೊಳ್ಳುತ್ತೀರಿ? ಅಪ್ಪಯ್ಯ ಉಡುಪಿಯಿಂದ ಇದನ್ನೇ ಬರೆದು ಕೇಳಿದ್ದಾರೆ. ಟ್ಯಾಂಕಿನ ಸ್ಥಿತಿ ಅವರಿಗೆ ತಿಳಿಸಿದ್ದೇನೆ. ಜೂನ್ ತಿಂಗಳಲ್ಲಿ ಬರುತ್ತಾರಂತೆ. ಹೋಟೆಲಿನ ಲೈಸೆನ್ಸ್ ಅವರ ಹೆಸರಿನಲ್ಲಿದೆ ಎನ್ನುವುದು ನಿಮಗೆ ಗೊತ್ತೇ ಇದೆ. ನೀವು ಊರಿಗೆ ಹೋಗಿ ನಾಲ್ಕು ದಿನ ವಿಶ್ರಾಂತಿ ತೆಗೆದುಕೊಳ್ಳಬಹುದು. ನಿಮ್ಮ ಒಳ್ಳೆಯದಕ್ಕೇ ಹೇಳಿದೆ.

ಇತಿ ನಿಮ್ಮ ಮೈದುನ,
ಕಿಟ್ಟು


ಡೊಂಬಿವಲಿ
೮-೩-೧೯೮೩

ಕಿಟ್ಟು,

ಮರಳು ಎಸೆಯುವುದಿಲ್ಲ. ಕಾರಣ ಬೇಕೇಬೇಕು ಎಂದರೆ ಕೇಳು. ಕಲ್ಲು ಹಾಕಿದರೆ ಕೊಳೆ ಸಂದಿಯೊಳಗೆ ಇಳಿದು ಅಡಗಿ ಕೂರುತ್ತದೆ, ಮರಳಾದರೆ ಮೇಲೆಯೇ ಕಾಣುತ್ತದೆ. ಕಾಣುವ ಕೊಳೆಯನ್ನು ತೆಗೆಯಬಹುದು. ಇದು ನಿನ್ನ ಅಣ್ಣ ಹೇಳುತ್ತಿದ್ದ ಮಾತು. ಅವರು ಎಂಟನೇ ಕ್ಲಾಸಿನ ವಿಜ್ಞಾನ ಓದಿರಲಿಲ್ಲ, ಏಳಕ್ಕೇ ಸೌಟು ಹಿಡಿದರು. ಆ ಸೌಟಿನಿಂದ ನೀನು ಬಿ.ಎಸ್ಸಿ. ಮಾಡಿದೆ.

ಮಧ್ಯಾಹ್ನ ಮೂರಕ್ಕೆ ಹಾಲ್ ಖಾಲಿಯಾದಾಗ ಅವರು ಆ ಟ್ಯಾಂಕಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೀನು ಮರಳಿಗೆ ಮೂತಿ ಹಾಕಿ ಬಾಯಿ ತುಂಬ ತೆಗೆದುಕೊಂಡು ಉಗಿಯುವುದನ್ನು ನೋಡುತ್ತಿದ್ದರು. ಅಷ್ಟು ಹೊತ್ತು ಎಂಥ ನೋಡುವುದುಂಟು ಎಂದು ಒಮ್ಮೆ ಕೇಳಿದೆ. "ಏನಿಲ್ಲ" ಎಂದರು. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಏನೂ ಮಾಡದೆ ಕೂತದ್ದು ಅಲ್ಲಿ ಮಾತ್ರ. ಅದು ಬಿಡು, ನಿನಗೆ ಬೇಡದ ವಿಷಯ.

ವಿಶ್ರಾಂತಿಯ ಬಗ್ಗೆ ಬರೆದೆ. ನಾನು ಗಲ್ಲಾದಲ್ಲಿ ಕೂತ ಮೇಲೆ ಈ ಹೋಟೆಲಿನಲ್ಲಿ ಒಂದು ದಿನ ಬಾಗಿಲು ಮುಚ್ಚಿಲ್ಲ, ಒಂದು ಕೊಪ್ಪರಿಗೆ ಸಾಂಬಾರು ಹಳಸಿಲ್ಲ. ಹಳಸಿದ್ದು ನೀನು ಮುಟ್ಟಿದ ಟ್ಯಾಂಕು ಒಂದೇ.

ಮರಳಿಗೆ ಆಗುವ ಫಿಲ್ಟರ್ ಇದೆಯೋ ಇಲ್ಲವೋ? ಇಲ್ಲ ಎಂದಾದರೆ ನಿನಗೆ ಗೊತ್ತಿಲ್ಲ ಎಂದು ಒಂದು ಸಾಲು ಬರೆ. ಅದನ್ನು ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕುತ್ತೇನೆ.

ಶ್ರೀಮತಿ


ಠಾಣೆ
೧೫-೩-೧೯೮೩

ಪೂಜ್ಯ ಅತ್ತಿಗೆಗೆ ನಮಸ್ಕಾರಗಳು.

ನೀವು ಕಳುಹಿಸಿದ ಚೆನ್ನಯನ ಕೈಯಲ್ಲಿ ಮೋಟಾರ್ ಫಿಲ್ಟರ್ ಕೊಟ್ಟಿದ್ದೇನೆ. ಸಿಂಗಾಪುರದ ಸಾಮಾನು, ಡೊಂಬಿವಲಿಯಲ್ಲಿ ಯಾರೂ ಕಣ್ಣಿನಲ್ಲಿ ಕಂಡಿರಲಿಕ್ಕಿಲ್ಲ. ನೀರಿನಲ್ಲಿ ಮುಳುಗಿಸಿ, ಗಾಜಿಗೆ ಅಂಟಿಸಿ, ಪ್ಲಗ್ಗು ಹಾಕುವುದು. ಒಳಗಿನ ಚಿಕ್ಕ ಚಕ್ರ ತಿರುಗಿ ನೀರನ್ನು ಎಳೆದು ಸೋಸಿ ಬಿಡುತ್ತದೆ. ಕೊಳೆ ಇರುವುದು ತಳದಲ್ಲಾದ್ದರಿಂದ ಆದಷ್ಟು ತಳದ ಹತ್ತಿರ ಕೂರಿಸಿ. ಬೇರೆ ಏನೂ ಮಾಡುವುದಕ್ಕೆ ಹೋಗಬೇಡಿ. ಇದು ಎಷ್ಟು ಸುಲಭದ್ದೆಂದರೆ ನಿಮ್ಮ ಕೈಯಲ್ಲೂ ನಡೆದೀತು.

ಕಟ್ಟು ಹಾಕಿಸುವ ಖರ್ಚು ಉಳಿಯಿತು.

ಕಿಟ್ಟು


ಡೊಂಬಿವಲಿ
೬-೪-೧೯೮೩

ಕಿಟ್ಟು,

ನಿನ್ನ ಸಿಂಗಾಪುರ ಒಂಬತ್ತು ದಿನ ಬದುಕಿತ್ತು. ತಳದ ಹತ್ತಿರ ಕೂರಿಸು ಎಂದೆ, ಕೂರಿಸಿದೆವು. ಮೀನು ಮರಳು ಕೆದಕುತ್ತದೆ, ಎದ್ದ ಮರಳನ್ನು ಮೋಟಾರು ಎಳೆದುಕೊಳ್ಳುತ್ತದೆ. ಮೊದಲ ದಿನ ಸಣ್ಣಗೆ ಕರಕರ ಎಂದಿತು. ವಾರದಲ್ಲಿ ತೆಂಗಿನಕಾಯಿ ತುರಿದ ಹಾಗೆ ಸದ್ದು. ಗಿರಾಕಿಗಳು ಚಟ್ನಿ ಈಗ ಬರುತ್ತದೆ ಎಂದು ಕಾದು ಕೂತರು. ಒಂಬತ್ತನೆಯ ದಿನ ಸುಮ್ಮನಾಯಿತು. ಬಿಚ್ಚಿದರೆ ಒಳಗಿನ ಚಕ್ರ ಸವೆದು ಹುಣಸೆ ಬೀಜದಷ್ಟಾಗಿದೆ. ಮತ್ತೆರಡು ಮೀನು ಹೋದವು. ಈಗ ಆರು.

ಇನ್ನು ನಿನ್ನನ್ನು ಕೇಳುವ ಅಗತ್ಯವಿಲ್ಲ, ಆದರೂ ನಿನಗೆ ತಿಳಿದಿರಲಿ ಎಂದು ಬರೆಯುತ್ತೇನೆ. ಯಂಕಣ್ಣ ಎಂದು ಒಬ್ಬನಿದ್ದಾನೆ. ವಿಜಾಪುರದ ಕಡೆಯವನು, ನಮ್ಮ ಹಿಂದಿನ ಚಾಳಿನಲ್ಲಿ ಮನೆ, ಶಹಾಡಿನ ಒಂದು ಮಿಲ್ಲಿನಲ್ಲಿ ಕೆಲಸ. ಶಿಫ್ಟು ಮುಗಿಸಿ ಬಂದು ಹೊರಗಿನ ಬೆಂಚಿನಲ್ಲಿ ಚಹಾ ಕುಡಿದು ಹೋಗುತ್ತಾನೆ. ಮೂಟೆ ಹೊರುವವನು ಎಂದುಕೊಂಡಿದ್ದೆ. ಮೊನ್ನೆ ಬಾಗಿಲಲ್ಲೇ ನಿಂತು ಟ್ಯಾಂಕನ್ನು ನೋಡಿ, "ಅಕ್ಕಾರ, ಇದು ಹಿಂಗ ನಡೆಂಗಿಲ್ರಿ" ಎಂದ.

"ನಿನಗೆ ಎಂಥ ಗೊತ್ತುಂಟು?" ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

"ನಂಗ ಉಸುಕು ಒಂದs ಗೊತ್ತದ್ರಿ. ಮಿಲ್ಲಿನ ನೀರಿನ ಪ್ಲಾಂಟಿನಾಗ ಇಪ್ಪತ್ತೆರಡು ವರ್ಷ ಆತು. ಉಸುಕಿನ ಮ್ಯಾಲ ನದಿ ನೀರು ಬಿಟ್ಟು ಸೋಸೂದs ನನ್ನ ಕೆಲಸ."

ಉಸುಕು ಎಂದರೆ ಅವರ ಕಡೆ ಮರಳು. ಒಳಗೆ ಕರೆದೆ. ಟ್ಯಾಂಕಿನ ಸುತ್ತ ಒಂದು ಸುತ್ತು ಬಂದ. ಗಾಜಿಗೆ ಕಿವಿ ಕೊಟ್ಟು ಕೇಳಿದ. ಆಮೇಲೆ ಹೇಳಿದ: "ಉಸುಕು ಭಾಳ ಚಲೋ ಸೋಸ್ತದ, ಖರೆ. ಆದ್ರ ಅದರ ಹೊಟ್ಟ್ಯಾಗ ಕುಂತ ಹೊಲಸು ತಗೀಲಿಕ್ಕೆ ಕೆಳಗಿಂದ ಮ್ಯಾಲ ಉಲ್ಟಾ ನೀರು ಬಿಡಬೇಕ್ರಿ, ಜೋರ. ನಾವು ಮಿಲ್ಲಿನಾಗ ದಿನಾ ಬಿಡ್ತೀವಿ. ಇಲ್ಲಿ ಬಿಟ್ರ ನಿಮ್ಮ ಮೀನು ಹಾರಿ ಗಲ್ಲಾದಾಗ ಬೀಳ್ತಾವ."

"ಹಾಗಾದರೆ ಮಾಡುವುದೇನು?"

"ಉಸುಕಿಗೆ ಸೋಸೂ ಕೆಲಸಾನ ಕೊಡಬ್ಯಾಡ್ರಿ. ಅದು ನೆಲ, ನೆಲದಾಂಗ ಇರಲಿ. ಸೋಸೂದು ಮ್ಯಾಲ ಇರಲಿ, ಉಸುಕಿನಿಂದ ನಾಕು ಬೆರಳು ಮ್ಯಾಲ. ಒಂದು ಸ್ಪಂಜು, ನಡುವ ಒಂದು ನಳಿಗಿ, ಒಳಗ ಗಾಳಿ. ತಟ್ಟಿ ಬ್ಯಾಡ, ಮೋಟಾರ್ ಬ್ಯಾಡ. ತಿರುಗೂ ಚಕ್ರ ಇಲ್ಲಂದ್ರ ಉಸುಕು ಯಾವುದನ್ನ ತಿಂತದ?"

ಏಳು ವರ್ಷದ ಅಂಗಡಿ, ಒಂದು ಬಿ.ಎಸ್ಸಿ., ಒಂದು ಸಿಂಗಾಪುರ ಸೇರಿ ಹೇಳದ ಮಾತನ್ನು ಆ ಮನುಷ್ಯ ಒಂದು ಚಹಾ ಮುಗಿಯುವುದರೊಳಗೆ ಹೇಳಿದ. ಅವನನ್ನು ಒಳಗೆ ಕೂರಿಸಿ ಇನ್ನೊಂದು ಚಹಾ ಕೊಡಿಸಿದೆ. ಫಿಲ್ಟರಿಗಾಗಿ.

ಶ್ರೀಮತಿ


ಠಾಣೆ
೧೨-೪-೧೯೮೩

ಪೂಜ್ಯ ಅತ್ತಿಗೆಗೆ,

ಮಿಲ್ಲಿನ ಕೂಲಿಯವನನ್ನು ಗುರುವಾಗಿ ಮಾಡಿಕೊಂಡದ್ದಕ್ಕೆ ಅಭಿನಂದನೆಗಳು. ನಾಳೆ ರಸ್ತೆ ಅಗೆಯುವವನು ಬಂದು ದೋಸೆ ಹುಯ್ಯುವುದನ್ನು ಹೇಳಿಕೊಟ್ಟಾನು, ಅವನನ್ನೂ ಒಳಗೆ ಕೂರಿಸಿ.

ಸ್ಪಂಜಿನ ಫಿಲ್ಟರ್ ನನಗೆ ಗೊತ್ತಿಲ್ಲದ್ದಲ್ಲ. ಅದು ಮೀನಿನ ಮರಿ ಸಾಕುವವರು ಮೂಲೆಯಲ್ಲಿ ಇಡುವ ಬಡವರ ಸಾಮಾನು. ಹೋಟೆಲಿನ ನಡುವೆ ಒಂದು ಕಂದು ಸ್ಪಂಜಿನ ಮುದ್ದೆ ತೂಗಾಡುತ್ತಿದ್ದರೆ ನೋಡಿದವರು ಏನೆಂದಾರು? ಹಾಸಿಗೆಯ ಸ್ಪಂಜು ಕತ್ತರಿಸಿ ಹಾಕಿದಿರೋ, ಅದರ ಬಣ್ಣ ಮತ್ತು ಮದ್ದು ಇಳಿದು ಒಂದೇ ದಿನದಲ್ಲಿ ಆರೂ ಮೀನು ತೇಲುತ್ತವೆ. ಆಗ ನಿಮ್ಮ ಯಂಕಣ್ಣನನ್ನೇ ಎತ್ತಿ ಹಾಕಲು ಹೇಳಿ.

ಅಪ್ಪಯ್ಯ ಜೂನ್ ಹನ್ನೆರಡಕ್ಕೆ ಬರುತ್ತಾರೆ. ಟ್ಯಾಂಕಿನ ವಿಷಯವನ್ನು ಪ್ರತಿ ಕಾಗದದಲ್ಲಿಯೂ ಬರೆದಿದ್ದೇನೆ. ಅವರೇ ಕಣ್ಣಾರೆ ನೋಡಲಿ.

ಕಿಟ್ಟು


ಡೊಂಬಿವಲಿ
೨೫-೫-೧೯೮೩

ಕಿಟ್ಟು,

ಬಣ್ಣವಿಲ್ಲದ ಸ್ಪಂಜನ್ನೇ ಹುಡುಕಿ ತಂದು, ಎರಡು ಸಲ ಕುದಿಸಿ, ಎರಡು ದಿನ ನೀರಲ್ಲಿ ನೆನೆಹಾಕಿ ಆಮೇಲೆ ಇಟ್ಟದ್ದು. ನಿನ್ನ ಎಚ್ಚರಿಕೆ ಬರುವ ಮೊದಲೇ ಯಂಕಣ್ಣ ಇದನ್ನೆಲ್ಲ ಮಾಡಿ ಮುಗಿಸಿದ್ದರು. ತೂತು ಕೊರೆದ ಪ್ಲಾಸ್ಟಿಕ್ ಪೈಪಿಗೆ ಸ್ಪಂಜು ಸುತ್ತಿ, ಒಳಗೆ ಗಾಳಿಯ ನಳಿಗೆ ಇಳಿಸಿ, ಮರಳಿಗೆ ತಾಗದ ಹಾಗೆ ಗಾಜಿನ ಗೋಡೆಗೆ ಕಟ್ಟಿದರು. ನಾಲ್ಕು ಬೆರಳು ಅಳೆದೇ ಕಟ್ಟಿದ್ದು. ಮರಳನ್ನೂ ಕಡಿಮೆ ಮಾಡಿಸಿದರು. ಮೊದಲು ಅಂಗೈ ಆಳ ಇತ್ತು, ಈಗ ಎರಡು ಬೆರಳು. ದಿನಾ ಬೆಳಿಗ್ಗೆ ಮರದ ಕಡ್ಡಿಯಿಂದ ಮೆಲ್ಲಗೆ ಗೆರೆ ಎಳೆಯಬೇಕು, ಮರಳು ಬಿಗಿಯಬಾರದು ಎಂದರು.

ಮೂರು ವಾರವಾದರೂ ನೀರು ಅಕ್ಕಿ ತೊಳೆದ ನೀರಿನ ಹಾಗೇ ಇತ್ತು. ಆಮೇಲೆ ತಿಳಿಯಾಯಿತು. ಆಗ ನಾನು ಒಂದು ತಪ್ಪು ಮಾಡಿದೆ. ನಿನಗೆ ಸಂತೋಷವಾಗಲಿ ಎಂದು ಬರೆಯುತ್ತಿದ್ದೇನೆ. ಸ್ಪಂಜು ಕಂದು ಲೋಳೆ ಹಿಡಿದು ಅಸಹ್ಯವಾಗಿತ್ತು. ಅಡುಗೆಮನೆಯವಳ ಕೈ ಸುಮ್ಮನಿರುತ್ತದೆಯೆ, ನಲ್ಲಿಯಡಿ ಹಿಡಿದು ಉಜ್ಜಿ ಬೆಳ್ಳಗೆ ಮಾಡಿ ತಂದು ಇಟ್ಟೆ. ನಾಲ್ಕು ದಿನದಲ್ಲಿ ನೀರು ಮತ್ತೆ ಕೆಟ್ಟಿತು, ಒಂದು ಮೀನು ಸತ್ತಿತು. ಯಂಕಣ್ಣ ಬಂದು ನೋಡಿ ತಲೆಗೆ ಕೈ ಕೊಟ್ಟುಕೊಂಡರು.

"ಅಕ್ಕಾರ, ಆ ಲೋಳೀನs ಕೆಲಸ ಮಾಡ್ತಿತ್ತು. ಕೆಲಸಗಾರನ್ನೆಲ್ಲ ತೊಳದು ಮೋರಿಗೆ ಹಾಕಿ ಖಾಲಿ ಕಾರ್ಖಾನಿ ತಂದು ಇಟ್ಟೀರಲ್ರಿ! ಟ್ಯಾಂಕಿನ ನೀರ ಒಂದು ಬಕೀಟಿನಾಗ ತಗೊಂಡು ಅದರಾಗ ಹಿಂಡ್ರಿ, ಅಷ್ಟs. ನಲ್ಲಿ ನೀರಿನ ಔಷಧ ಅದಕ್ಕ ವಿಷ."

ನನ್ನ ಹೋಟೆಲಿನಲ್ಲಿ ನಿಂತು ನನ್ನನ್ನು ಹೀಗೆ ಗದರಿಸಿದವರು ಈವರೆಗೆ ಯಾರೂ ಇಲ್ಲ. ಬಕೆಟ್ಟು ತರಿಸಿದೆ. ಈಗ ಐದು ಮೀನುಗಳಿವೆ. ನೀರು ಎಷ್ಟು ತಿಳಿಯಾಗಿದೆ ಎಂದರೆ ಆ ಬದಿಯ ಟೇಬಲ್ಲಿನವರು ಏನು ತಿನ್ನುತ್ತಿದ್ದಾರೆ ಎಂದು ಈ ಬದಿಯಿಂದ ಕಾಣುತ್ತದೆ.

ಈಗ ಮುಖ್ಯ ಮಾತು. ನಿನ್ನ ತಟ್ಟೆಯನ್ನು ತೊಳೆದು ವಾಪಸು ಕಳುಹಿಸೋಣವೆಂದು ಅದರ ರಟ್ಟಿನ ಪೆಟ್ಟಿಗೆಯನ್ನು ಸ್ಟೋರ್ ರೂಮಿನಿಂದ ತರಿಸಿದೆ. ಪೆಟ್ಟಿಗೆಯ ಬದಿಯಲ್ಲಿ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲಿದೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಅಷ್ಟು ಇಂಗ್ಲಿಷ್ ಬರುತ್ತದೆ. ಮರಳಿನ ಜೊತೆ ಬಳಸಬೇಡಿ ಎಂದು ಬರೆದಿದೆ.

ಏಳು ವರ್ಷ ಅದೇ ಪೆಟ್ಟಿಗೆಗಳನ್ನು ಮಾರಿದವನು ನೀನು. ನಾನು ಏನೂ ಕೇಳುವುದಿಲ್ಲ.

ಶ್ರೀಮತಿ


ಅನಂತ ವಿಹಾರ, ಡೊಂಬಿವಲಿ
೨೧-೬-೧೯೮೩

ಪೂಜ್ಯ ಅತ್ತಿಗೆಗೆ,

ನೀವು ಎಲ್ಲಿಗೆ ಹೋದಿರಿ ಎಂದು ಚೆನ್ನಯ ಬಾಯಿ ಬಿಡುತ್ತಿಲ್ಲ. ಅವನಿಗೆ ಗೊತ್ತಿದೆ ಎಂದು ಮುಖ ನೋಡಿದರೆ ತಿಳಿಯುತ್ತದೆ. ಆದ್ದರಿಂದ ಈ ಕಾಗದವನ್ನು ಅವನ ಕೈಗೇ ಕೊಟ್ಟಿದ್ದೇನೆ.

ಮೊನ್ನೆ ಆದದ್ದಕ್ಕೆ ನಾನು ಕಾರಣನಲ್ಲ. ನೀವೂ ಅಲ್ಲೇ ನಿಂತಿದ್ದಿರಿ. ಅಪ್ಪಯ್ಯ ಟ್ಯಾಂಕಿನ ಎದುರು ಬಂದು, ಕನ್ನಡಕ ಸರಿಮಾಡಿಕೊಂಡು, "ಉಂದು ದಾನೆ?" ಎಂದು ಕೇಳಿದಾಗ ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ. ಇದೇನು ಎಂದು ಕೇಳುತ್ತಿದ್ದಾರೆ! ನಾನು ನಾಲ್ಕು ತಿಂಗಳಿಂದ ಬರೆದ ಕಾಗದಗಳಲ್ಲಿ ಟ್ಯಾಂಕಿನ ಭಾಗವನ್ನು ಅವರು ಓದಿರಲೇ ಇಲ್ಲ. "ಮೀನಾ? ಹೋಟೆಲಿನಲ್ಲಿ ಮೀನು ಯಾಕೆ?" ಎಂದು ಹೇಳಿ ಮುಂದೆ ಹೋದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಗಲ್ಲಾದಲ್ಲಿ ಗಂಡಸು ಕೂರಲಿ ಎಂದರು. ಅವರು ಉಡುಪಿಯಿಂದ ಹೊರಡುವ ಮೊದಲೇ ಮನಸ್ಸಿನಲ್ಲಿ ಅದನ್ನು ತೀರ್ಮಾನಿಸಿಕೊಂಡು ಬಂದಿದ್ದರು. ಹತ್ತು ಮೀನು ಇದ್ದಿದ್ದರೂ ಅಷ್ಟೆ, ಒಂದೂ ಇಲ್ಲದಿದ್ದರೂ ಅಷ್ಟೆ.

ನೀರು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ. ಸ್ಪಂಜು ನೋಡಲು ಹೊಲಸಾಗಿದೆ ಎನ್ನುವುದನ್ನೂ ಹೇಳಲೇಬೇಕು.

ಕೀಲಿಕೈ ಗೊಂಚಲನ್ನು ಗಲ್ಲಾದ ಮೇಲಿಟ್ಟು, ಯಾರಿಗೂ ಹೇಳದೆ ಒಂದು ಟ್ರಂಕು ಹಿಡಿದುಕೊಂಡು ಹೋದಿರಂತೆ. ಮಹಡಿಯ ಮೇಲಿನ ಕೋಣೆಯಲ್ಲಿ ನೀವು ಇರಬಹುದಿತ್ತು. ನಾನೇನೂ ಬೇಡ ಎನ್ನುತ್ತಿರಲಿಲ್ಲ.

ಕಿಟ್ಟು


ವಾಶಿ
೪-೯-೧೯೮೩

ಶ್ರೀ ಕೃಷ್ಣಮೂರ್ತಿಯವರಿಗೆ,

ಅಂಗಡಿ ಮುಚ್ಚಿ ಗಲ್ಲಾ ಹತ್ತಿದಿರಿ ಎಂದು ತಿಳಿಯಿತು. ಮಹಡಿಯ ಕೋಣೆಯನ್ನು ದಯಪಾಲಿಸಿದ್ದಕ್ಕೆ ವಂದನೆಗಳು. ಆ ಕೋಣೆಯ ಗೋಡೆ ಕಟ್ಟುವಾಗ ಇಟ್ಟಿಗೆಗೆ ನೀರು ಹಾಕಿದವಳು ನಾನು.

ನಾನು ಇಲ್ಲಿ ಉಳ್ಳಾಗಡ್ಡಿ ಬಟಾಟೆ ಮಾರ್ಕೆಟ್ಟಿನ ಹಿಂದೆ ಎರಡು ಕೋಣೆ ಹಿಡಿದು ಖಾನಾವಳಿ ಮಾಡಿದ್ದೇನೆ. ಮೂಟೆ ಹೊರುವವರು, ಹೊಸ ಬಿಲ್ಡಿಂಗುಗಳ ಕೆಲಸದವರು ಊಟಕ್ಕೆ ಬರುತ್ತಾರೆ, ಹೆಚ್ಚಿನವರು ಗುಲ್ಬರ್ಗ, ರಾಯಚೂರು ಕಡೆಯವರು. ಜೋಳದ ರೊಟ್ಟಿ ತಟ್ಟುವವರು ಯಂಕಣ್ಣನವರ ಹೆಂಡತಿ ಗುರಮ್ಮ, ಗಂಡಹೆಂಡತಿ ಇಬ್ಬರೂ ಆ ಚಾಳು ಬಿಟ್ಟು ಇಲ್ಲಿಗೇ ಬಂದಿದ್ದಾರೆ. ಸಾರು ಪಲ್ಯ ನನ್ನದು. ನನ್ನ ಸಾರಿಗೆ ಬೆಲ್ಲ ಜಾಸ್ತಿ ಎಂದು ದಿನಾ ಬೈಸಿಕೊಳ್ಳುತ್ತೇನೆ. ಒಂದೇ ಒಲೆಯಲ್ಲಿ ನಾನೂ ಅವರೂ ಅಡುಗೆ ಮಾಡುವ ಸುದ್ದಿ ಉಡುಪಿಗೆ ಮುಟ್ಟಿದೆ ಎಂದು ಗೊತ್ತು. ಮುಟ್ಟಿಸಿದವರು ಯಾರು ಎಂದೂ ಗೊತ್ತು.

ಗುರಮ್ಮ ಒಂದು ದಿನ ಹಿಟ್ಟು ನಾದುತ್ತಾ, "ನಿಮ್ಮ ಹೋಟೆಲ್ನಾಗ ನಮ್ಮ ಮನ್ಯಾವ್ರಿಗೆ ಗಾಜಿನ ಗ್ಲಾಸು ಇತ್ತಂತ, ಒಳಗಿನವ್ರಿಗೆ ಸ್ಟೀಲಂತ, ಹೌದೇನ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ. ಸುಮ್ಮನೆ, ಹೌದೋ ಅಲ್ಲವೋ ಎಂದು. ಆ ಹೊರಗಿನ ಬೆಂಚು ಹಾಕಿಸಿದವಳೂ ನಾನೇ, ಗ್ಲಾಸು ಬೇರೆ ಇಡಿಸಿದವಳೂ ನಾನೇ. ಹೌದು ಎಂದೆ. ಅವಳು ಹಿಟ್ಟಿನ ಉಂಡೆ ಮುರಿದು ರೊಟ್ಟಿ ತಟ್ಟಿದಳು. ಆ ದಿನದಿಂದ ನಿಮ್ಮನ್ನು ಬೈದು ಬರೆಯಲು ಕೂತರೆ ಮಾತು ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ. ಆದರೂ ನಿಮಗೆ ಸಾಲುವಷ್ಟು ಇನ್ನೂ ಇದೆ.

ಮಾವ ಟ್ಯಾಂಕಿನ ಮುಂದೆ ಕೇಳಿದ ಪ್ರಶ್ನೆ ನನಗೂ ಮರೆತಿಲ್ಲ. ನಾವಿಬ್ಬರೂ ನಾಲ್ಕು ತಿಂಗಳು ಒಬ್ಬರನ್ನೊಬ್ಬರು ಕಚ್ಚಿದೆವು, ಹೋಟೆಲಿನ ಯಜಮಾನರಾದ ಮಾವ ನಮ್ಮ ಕಡೆ ತಿರುಗಿಯೂ ನೋಡಿರಲಿಲ್ಲ.

ಟ್ಯಾಂಕು ಹೋಟೆಲಿನದು, ನಾನು ಮುಟ್ಟಲಿಲ್ಲ. ಹದಿನೈದು ದಿನಕ್ಕೊಮ್ಮೆ ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಹಿಂಡಬೇಕು. ಇದನ್ನು ನಿಮಗಾಗಿ ಬರೆದದ್ದಲ್ಲ, ಮೀನಿಗಾಗಿ.

ಶ್ರೀಮತಿ


ಡೊಂಬಿವಲಿ
೧೦-೧-೧೯೮೪

ಅತ್ತಿಗೆಗೆ ನಮಸ್ಕಾರಗಳು.

ಅಪ್ಪಯ್ಯ ಹೋಟೆಲನ್ನು ಕಲ್ಯಾಣದ ಒಬ್ಬರಿಗೆ ಕಂಟ್ರಾಕ್ಟಿಗೆ ಕೊಟ್ಟಿದ್ದಾರೆ. ನನಗೆ ಒಂದು ಪೋಸ್ಟ್ ಕಾರ್ಡಿನಲ್ಲಿ ತಿಳಿಸಿದರು. ಎಂಟು ಸಾಲು ಇತ್ತು. ಅದರಲ್ಲಿ ಆರು ಸಾಲು ಅವರ ಮಂಡಿನೋವಿನ ವಿಷಯ.

ಹೊಸಬರು ಟ್ಯಾಂಕು ಇರುವ ಜಾಗದಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ಇಡುತ್ತಾರಂತೆ. ಹದಿನೈದು ದಿನದೊಳಗೆ ಟ್ಯಾಂಕು ಎತ್ತಬೇಕು. ನನ್ನ ಅಂಗಡಿ ಹೋಗಿದೆ, ನನ್ನ ಬಾಡಿಗೆ ಕೋಣೆಯಲ್ಲಿ ನಾನು ಕಾಲು ಚಾಚಲೂ ಜಾಗವಿಲ್ಲ. ಐದೂ ಮೀನು ಬದುಕಿವೆ. ನಾನು ಮರಳು ತೆಗೆಯಲಿಲ್ಲ, ಸ್ಪಂಜು ಬದಲಿಸಲಿಲ್ಲ. ನೀವು ಬರೆದ ಹಾಗೆ ಹಿಂಡಿದೆ. ಆರು ತಿಂಗಳಲ್ಲಿ ಒಮ್ಮೆಯೂ ನೀರು ಕೆಡಲಿಲ್ಲ. ಯಂಕಣ್ಣನವರಿಗೆ ಇದನ್ನು ಹೇಳಿ. ಅಥವಾ ಹೇಳಬೇಡಿ.

ತಟ್ಟೆಯ ವಿಷಯ. ನನಗೆ ಗೊತ್ತಿತ್ತು. ಒಂದು ತಿಂಗಳೊಳಗೆ ಕಟ್ಟಿಕೊಳ್ಳುತ್ತದೆ ಎಂದು ಗೊತ್ತಿದ್ದೇ ಹಾಕಿದೆ. ಮೋಟಾರಿನ ವಿಷಯವೂ ಅಷ್ಟೆ, ತಳದ ಹತ್ತಿರ ಇಡಿ ಎಂದು ಬೇಕೆಂದೇ ಬರೆದೆ. ನೀವು ಎಲ್ಲರ ಕಣ್ಣೆದುರು ಸೋಲಬೇಕಿತ್ತು.

ನಾನು ಹೋಟೆಲು ಬಿಟ್ಟು ಅಂಗಡಿ ಹಾಕಿದ ವರ್ಷ ನವರಾತ್ರಿಯ ಊಟಕ್ಕೆ ಬಂದಾಗ ಅಣ್ಣ ಪಂಕ್ತಿಯಲ್ಲಿ, "ಮೀನುಭಟ್ಟರಿಗೆ ಇನ್ನಷ್ಟು ಪಾಯಸ ಬಡಿಸಿ" ಎಂದ. ಬಡಿಸುತ್ತಿದ್ದವರು ನೀವು. ಎಲ್ಲರಿಗಿಂತ ಜೋರಾಗಿ ನಕ್ಕಿರಿ. ಅಂದಿನಿಂದ ಏಳು ವರ್ಷ ನನಗೆ ಮನೆಯಲ್ಲಿ ಅದೇ ಹೆಸರು. ಎಂಬತ್ತೊಂದರಲ್ಲಿ ಅಣ್ಣ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ನಾಲ್ಕಡಿಯ ಟ್ಯಾಂಕು ಕೊಡು ಎಂದ. ಏನಾದರೂ ಹೇಳುತ್ತಾನೆ ಎಂದು ಕಾದೆ. ಮೀನಿಗೆ ದಿನಕ್ಕೆ ಎಷ್ಟು ಸಲ ತಿನ್ನಲು ಹಾಕಬೇಕು ಎಂದು ಕೇಳಿದ, ಅಷ್ಟೆ. ಅವನಿಗೆ ಬರುತ್ತಿದ್ದ ಮಾತು ಅದೊಂದೇ ಇತ್ತೇನೋ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅವನು ಹೋದ ಮೇಲೆ ಸೇಡು ತೀರಿಸಿಕೊಳ್ಳಲು ನೀವು ಸಿಕ್ಕಿದಿರಿ.

ಮೀನುಗಳನ್ನು ಯಾರಿಗೆ ಕೊಡಲಿ?

ಕಿಟ್ಟು


ವಾಶಿ
೧೪-೧-೧೯೮೪

ಕಿಟ್ಟು,

ಮೀನುಗಳನ್ನು ಯಾರಿಗೂ ಕೊಡಬೇಡ, ಇಲ್ಲಿಗೆ ತೆಗೆದುಕೊಂಡು ಬಾ. ಟ್ಯಾಂಕನ್ನೂ. ಇಲ್ಲಿ ಹೊರಗಿನ ಕೋಣೆಯ ಕಿಟಕಿಯ ಬದಿಗೆ ಜಾಗ ಮಾಡಿಸುತ್ತೇನೆ. ಅಂಗಡಿ ಇಟ್ಟವನಿಗೆ ನಾನು ಹೇಳಬೇಕಾಗಿ ಬಂದದ್ದು ನನ್ನ ಗ್ರಹಚಾರ, ಆದರೂ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಮೀನಿಗೆ ತಿನ್ನಲು ಹಾಕಬೇಡ. ಅರ್ಧ ಟ್ಯಾಂಕಿನಷ್ಟು ಹಳೆಯ ನೀರನ್ನು ಡಬ್ಬಗಳಲ್ಲಿ ತುಂಬಿ ತಾ, ಪೂರ್ತಿ ಹೊಸ ನೀರಿಗೆ ಬಿಟ್ಟರೆ ಸಾಯುತ್ತವೆ. ಸ್ಪಂಜನ್ನು ಹಿಂಡಬೇಡ, ಒಣಗಲೂ ಬಿಡಬೇಡ. ಹಳೆಯ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಯೇ ತರಬೇಕು. ಮರಳು ಒದ್ದೆಯಾಗಿಯೇ ಬರಲಿ. ಟೆಂಪೋದವನಿಗೆ ಮುಂಬ್ರಾದ ತಿರುವುಗಳಲ್ಲಿ ನಿಧಾನ ಹೋಗಲು ಹೇಳು. ಚೆನ್ನಯನನ್ನು ಜೊತೆಗೆ ಕೂರಿಸಿಕೋ, ಅವನಿಗೂ ಹೊಸಬರ ಹತ್ತಿರ ಕೆಲಸ ಮಾಡುವ ಮನಸ್ಸಿಲ್ಲವಂತೆ.

ಫಿಲ್ಟರನ್ನು ಎಲ್ಲಿ ಕಟ್ಟುವುದು ಎಂದು ಯಂಕಣ್ಣನವರು ಹೇಳುತ್ತಾರೆ. ನೀನು ಅವರ ಮಾತಿನ ನಡುವೆ ಬಾಯಿ ಹಾಕಬಾರದು.

ಗೊತ್ತಿದ್ದೇ ಹಾಕಿದೆ ಎಂದು ಬರೆದದ್ದನ್ನು ಓದಿದೆ. ಗುರಮ್ಮ ಕಾಗದದಲ್ಲೇನಿದೆ ಎಂದು ಕೇಳಿದಳು, ಮೀನಿನ ವಿಷಯ ಎಂದೆ. ಆ ನವರಾತ್ರಿ ಊಟದಲ್ಲಿ ನಾನು ನಕ್ಕದ್ದು ನಿಜ. ಜೋರಾಗಿ ನಕ್ಕದ್ದೂ ನಿಜ. ನೀನು ಪಾಯಸ ಮುಟ್ಟದೆ ಎದ್ದದ್ದನ್ನು ನೋಡಿದ್ದೆ, ಎಲೆ ತೆಗೆಯುವಾಗ ಮತ್ತೊಮ್ಮೆ ನಕ್ಕೆ. ಇದು ನಿನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಲಿ.

ಇನ್ನೂ ನಾಲ್ಕು ಮಾತು ನಿನಗೆ ಹೇಳುವುದಿದೆ, ಅದರಲ್ಲಿ ಮೂರು ಬೈಗುಳ. ಕಾಗದದಲ್ಲಿ ಬರೆದು ಬರೆದು ಸಾಕಾಯಿತು. ಭಾನುವಾರ ಮಾರ್ಕೆಟ್ಟಿಗೆ ರಜೆ, ನನಗೆ ಪುರುಸೊತ್ತಿರುತ್ತದೆ. ಬೆಳಿಗ್ಗೆಯೇ ಹೊರಟು ಬಾ. ರೊಟ್ಟಿ ತಿನ್ನಲು ಬರುವುದಿಲ್ಲ ಎಂದೆಲ್ಲ ಇಲ್ಲಿ ನಡೆಯುವುದಿಲ್ಲ.

ನಿನ್ನ ಅತ್ತಿಗೆ,
ಶ್ರೀಮತಿ